ಓದು ಮುಗಿಯುವವರೆಗೆ ಯಾರೂ ಏಳಬಾರದು

ಸಾಯುವ ಹಿಂದಿನ ದಿನ ನಮ್ಮನೆಯವರು ಸಾದಲಿಗೆ ಹೋಗಿ ಬಂದರು.

ಬೆಳಿಗ್ಗೆ ರಾಗಿ ರೊಟ್ಟಿ ತಿಂದು, ಚಟ್ನಿಗೆ ಉಪ್ಪು ಜಾಸ್ತಿ ಎಂದರು. ಜಾಸ್ತಿ ಇರಲಿಲ್ಲ. ಕಷ್ಟದ ಕೆಲಸಕ್ಕೆ ಹೊರಡುವಾಗ ಹೀಗೆ ಏನಾದರೊಂದು ತಪ್ಪು ಹಿಡಿಯುವುದು ಅವರ ಅಭ್ಯಾಸ. ಇಸ್ತ್ರಿ ಅಂಗಿ ಹಾಕಿದ್ದನ್ನು ನೋಡಿ ಎಲ್ಲಿಗೆ ಎಂದು ಕೇಳಿದೆ.

“ಬೀರೇಶನ ಮನೇಗೆ.”

“ಫೋನ್ ಮಾಡಿದ್ರೆ ಆಗಲ್ವಾ?”

“ಬರೀ ಫೋನಲ್ಲಿ ಕರೆದ್ರೆ ನೀನು ಯಾರ ಮನೆ ಮದುವೆಗಾದ್ರೂ ಹೋಗಿದ್ದೀಯಾ?”

“ಇದೇನು ಮದುವೇನಾ?”

“ಮುನಿಸ್ಕೊಂಡಿರೋನು ಕಣೇ ಅವನು. ಬಾಗ್ಲಿಗೆ ಹೋಗಿ ಕರೀಬೇಕು.”

ಬೀರೇಶ ಸಾದಲಿಯ ಹುಡುಗ. ಹಿಪ್ಪುನೇರಳೆ ತೋಟ ಇದೆ. ರೇಷ್ಮೆ ಹುಳು ಸಾಕುತ್ತಾನೆ, ಪದ್ಯ ಬರೆಯುತ್ತಾನೆ. ನಮ್ಮನೆಯವರು ನಡೆಸುತ್ತಿದ್ದ ಬರೆಯುವವರ ಕೂಟಕ್ಕೆ ಬರುತ್ತಿದ್ದವನು, ಮೂರು ವರ್ಷದ ಹಿಂದೆ ಬಿಟ್ಟು ಹೋದ. ಅವನು ಹೋದ ಮೇಲೆ ಕೂಟ ಒಂದು ಕಾಲು ಮುರಿದ ಮಂಚದ ಹಾಗಿತ್ತು.

ಮಧ್ಯಾಹ್ನ ಊಟದ ಹೊತ್ತು ಮೀರಿ ಬಂದರು. ಕೈಯಲ್ಲಿ ಒಂದು ಚೀಲ ಅವರೆಕಾಯಿ. ಸೊಗಡಿನ ಕಾಯಿ, ಬಾಗಿಲಲ್ಲೇ ವಾಸನೆ ಬಂತು.

“ಓಬಳಮ್ಮ ಕೊಟ್ರು” ಅಂದರು. ಓಬಳಮ್ಮ ಬೀರೇಶನ ತಾಯಿ. “ಬೇಡ ಅಂದ್ರೂ ಕೇಳ್ಲಿಲ್ಲ.”

ಕಾಯಿ ಕೊಟ್ಟಿದ್ದಾರೆ ಎಂದರೆ ಮಾತು ಕೊಟ್ಟಿದ್ದಾರೆ ಎಂದು ನನಗೆ ಗೊತ್ತಾಯಿತು. ಆದರೂ ಕೇಳಿದೆ.

“ಬರ್ತಾನಂತಾ?”

“ಬರ್ತಾನೆ. ಈ ತಿಂಗ್ಳ ಕೂಟ ಆದ್ಮೇಲೆ ಮುಂದಿಂದು ಸಾದಲೀಲಿ, ತನ್ನ ಮನೇಲೇ ಇಡಣ ಅಂತ ಅವನೇ ಅಂದ. ಒಂದೇ ಒಂದು. ಮೇಷ್ಟ್ರು ಎಲ್ರ ಮುಂದೆ ತಪ್ಪಾಯ್ತು ಅನ್ಬೇಕಂತೆ.”

“ಅವರು ಅಂತಾರಾ?”

“ದಾರೀಲೇ ಫೋನ್ ಮಾಡಿದೆ. ನೋಡೋಣ ಪಾಪಯ್ಯ ಅಂದ್ರು.”

“ನೋಡೋಣ ಅಂದ್ರೆ ನೋಡೋಣ ಅಂತ ಅಷ್ಟೇ.”

“ನಿಂಗೊತ್ತಿಲ್ಲ ಸುಮ್ನಿರು. ಮೇಷ್ಟ್ರ ನೋಡೋಣ ಅಂದ್ರೆ ಹ್ಞೂಂ ಅಂತ.”

ಸಂಜೆ ಇಬ್ಬರೂ ಜಗುಲಿಯಲ್ಲಿ ಕೂತು ಕಾಯಿ ಬಿಡಿಸಿದೆವು. ಅವರು ಬಿಡಿಸಿದ್ದರಲ್ಲಿ ಅರ್ಧ ಹುಳುಕಿನ ಕಾಳು ಸೇರಿಕೊಂಡಿತ್ತು, ನಾನು ಮತ್ತೆ ಆರಿಸಿದೆ. ಬೈಯಲಿಲ್ಲ. ಅವರು ಅಷ್ಟು ಖುಷಿಯಾಗಿದ್ದರು. “ಕೂಟ ಉಳ್ಕೊಳ್ತು ಕಣೇ” ಎಂದು ಎರಡು ಸಲ ಹೇಳಿದರು. ಹಿತಕಬೇಳೆ ಸಾರು ಮಾಡೋಣ ಎಂದು ಕಾಳು ನೆನೆಹಾಕಿ ಮಲಗಿದೆವು.

ಬೆಳಿಗ್ಗೆ ಸ್ನಾನಕ್ಕೆ ನೀರು ತೋಡಿಕೊಂಡವರು ಬಚ್ಚಲ ಬಾಗಿಲಲ್ಲೇ ಕೂತರು. ಕೂತವರು ಏಳಲಿಲ್ಲ. ಎದೆ ನಿಂತು ಹೋಗಿದೆ ಎಂದರು ಡಾಕ್ಟರು. ನೆಂಟರು ಬಂದು ಮನೆ ತುಂಬಿದ ಮೇಲೆ ಯಾರೋ ನೆನೆದ ಕಾಳನ್ನು ತಿಪ್ಪೆಗೆ ಸುರಿದರು.

ಮೇಷ್ಟ್ರು ಏನು ತಪ್ಪು ಮಾಡಿದ್ದರು ಎಂದು ಹೇಳಬೇಕಾದರೆ ಕೂಟದ ವಿಷಯ ಹೇಳಬೇಕು. ನಮ್ಮನೆಯವರ ಬದುಕು ಅಂದರೆ ಅದೇ.

ನಮ್ಮನೆಯವರ ಹೆಸರು ಪಾಪಯ್ಯ. ಎಲ್ಲರೂ ಪಾಪಣ್ಣ ಎನ್ನುತ್ತಿದ್ದರು. ಮೊದಲು ಕಂಡಕ್ಟರು, ಆಮೇಲೆ ಶಿಡ್ಲಘಟ್ಟದ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರು. ಯಾವ ಬಸ್ಸು ಎಷ್ಟು ಹೊತ್ತಿಗೆ ಬಂತು, ಎಷ್ಟು ಹೊತ್ತಿಗೆ ಹೊರಟಿತು ಎಂದು ಬರೆದುಕೊಳ್ಳುವುದು, ಮೈಕಿನಲ್ಲಿ ಕೂಗುವುದು ಕೆಲಸ. ದೊಡ್ಡ ಗಂಟಲು. ಮನೆಯಲ್ಲೂ ಹಾಗೇ ಮಾತಾಡುತ್ತಿದ್ದರು. ಸಾರು ಬಡಿಸು ಎಂದರೆ ಬೀದಿಗೆಲ್ಲ ಗೊತ್ತಾಗುತ್ತಿತ್ತು.

ದಕ್ಷಿಣಾಮೂರ್ತಿ ಮೇಷ್ಟ್ರು ಆಗ ಚಿಕ್ಕಬಳ್ಳಾಪುರದಿಂದ ದಿನಾ ನಮ್ಮೂರಿಗೆ ಬಂದು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತಿದ್ದರು. ಸಂಜೆ ಬಸ್ಸಿಗೆ ಕಾಯುವಾಗ ಇವರ ಕೋಣೆಯಲ್ಲಿ ಕೂರುತ್ತಿದ್ದರು. ಮೋಹನ್‌ಬಾಬು ಎಂದು ಚಿಂತಾಮಣಿಯವರು, ಪಾತ್ರೆ ಅಂಗಡಿ. ನಮ್ಮೂರ ಅಂಗಡಿಗಳಿಗೆ ಮಾಲು ಹಾಕಲು ಬಂದರೆ ಅವರೂ ಅಲ್ಲೇ. ಒಂದು ದಿನ ಬಸ್ಸು ಕೆಟ್ಟು ನಿಂತಾಗ ಮೇಷ್ಟ್ರು ಜೇಬಿನಿಂದ ಒಂದು ಹಾಳೆ ತೆಗೆದು ಓದಿದರಂತೆ. ಮೋಹನ್‌ಬಾಬು ನನ್ನದೂ ಒಂದು ಇದೆ ಎಂದರಂತೆ. ಬಸ್ಸು ಕೆಡುವುದು ನಿಂತ ಮೇಲೂ ಓದುವುದು ನಿಲ್ಲಲಿಲ್ಲ. ತಿಂಗಳ ಮೊದಲ ಭಾನುವಾರ ಸೇರುವುದು ಎಂದಾಯಿತು. ಒಂದು ತಿಂಗಳು ಶಿಡ್ಲಘಟ್ಟ, ಒಂದು ತಿಂಗಳು ಚಿಂತಾಮಣಿ, ಒಂದು ಚಿಕ್ಕಬಳ್ಳಾಪುರ, ಒಂದು ಗೌರಿಬಿದನೂರು. ಯಾರ ಸರದಿಯೋ ಅವರ ಮನೆ. ಹೆಸರೂ ಇಡಲಿಲ್ಲ. ಭಾನುವಾರದ ಕೂಟ ಎನ್ನುತ್ತಿದ್ದರು.

ಇವರೂ ಬರೆಯುತ್ತಿದ್ದರು. ಕಡಿಮೆ ಬರೆದರು. ಬರೆದದ್ದೂ ಅಷ್ಟಕ್ಕಷ್ಟೇ. ಓದಿದರೆ ಬಸ್ಸು ಕೂಗಿದ ಹಾಗೇ ಇರುತ್ತಿತ್ತು. ಮೋಹನ್‌ಬಾಬು ನಗುತ್ತಿದ್ದರು.

“ಏಮಪ್ಪಾ ಪಾಪಣ್ಣ, ನಿನ್ನ ಪದ್ಯ ಯಾವ ಪ್ಲಾಟ್‌ಫಾರಂಗೆ ಬರುತ್ತೆ ಹೇಳು, ಹೋಗಿ ಹತ್ಕೋತೀವಿ.”

“ನಿಂದು ಬಿಡಪ್ಪಾ, ಹೊರಟ್ರೆ ನಿಲ್ಲೋದೇ ಇಲ್ಲ. ನಾನ್‌ಸ್ಟಾಪು” ಎನ್ನುತ್ತಿದ್ದರು ಇವರು.

ಇವರಿಗೆ ಓದುವುದಕ್ಕಿಂತ ಕೇಳುವುದು ಬರುತ್ತಿತ್ತು. ಕಣ್ಣು ಮುಚ್ಚಿ, ತೊಡೆಯ ಮೇಲೆ ಕೈಯಿಟ್ಟು, ಅಲ್ಲಾಡದೆ ಕೇಳುವರು. ಎಷ್ಟು ಕೆಟ್ಟ ಪದ್ಯವಾದರೂ ಕೇಳುವರು. ನಾನು ಓದಿದ್ದು ನಾಲ್ಕನೇ ಕ್ಲಾಸು. ನನಗೆ ಅರ್ಧ ಅರ್ಥವಾಗುತ್ತಿರಲಿಲ್ಲ. ಅರ್ಥವಾಗದ್ದನ್ನೇ ಎಲ್ಲರೂ ಚೆನ್ನಾಗಿದೆ ಎನ್ನುತ್ತಿದ್ದರು. ಉಪ್ಪಿಟ್ಟು ಚೆನ್ನಾಗಿದ್ದರೆ ಮಾತ್ರ ಯಾರೂ ಹೇಳುತ್ತಿರಲಿಲ್ಲ, ತಿಂದು ಮುಗಿಸುತ್ತಿದ್ದರು.

ಮೊದಲಲ್ಲಿ ಒಂದು ಪೀಡೆ ಇತ್ತು. ಬಂದವರು ತಮ್ಮದು ಓದುವುದು, ಬಸ್ಸಿಗೆ ಹೊತ್ತಾಯಿತು ಎಂದು ಎದ್ದು ಹೋಗುವುದು. ಕೊನೆಯಲ್ಲಿ ಓದುವವರಿಗೆ ಇವರೊಬ್ಬರೇ, ಬಾಗಿಲ ಹತ್ತಿರ ನಾನು. ಒಬ್ಬ ಹುಡುಗಿ, ತನುಜ ಅಂತ, ಗೌರಿಬಿದನೂರಿನ ಕಡೆಯವಳು, ಮೊದಲ ಸಲ ಬಂದಿದ್ದಳು. ಅವಳ ಹೆಸರು ಬರುವಷ್ಟರಲ್ಲಿ ಚಾಪೆ ಖಾಲಿ. ಆವತ್ತು ಇವರಿಗೆ ಸಿಟ್ಟು ಬಂತು. ಮುಂದಿನ ಕೂಟದಲ್ಲಿ ಬಸ್ ಸ್ಟ್ಯಾಂಡಿನ ದನಿಯಲ್ಲಿ ಹೇಳಿದರು.

“ಇವತ್ತಿಂದ ಒಂದೇ ಕಟ್ಟಳೆ. ಕೊನೇ ಓದು ಮುಗಿಯೋವರೆಗೂ ಯಾರೂ ಏಳಬಾರದು. ನೀರಿಗೂ ಏಳಬಾರದು. ಬಸ್ಸು ನನಗೆ ಬಿಡಿ.”

ಬಸ್ಸನ್ನು ನಿಜವಾಗಿ ಅವರೇ ನೋಡಿಕೊಂಡರು. ಯಾರು ಯಾವ ಊರಿಗೆ, ಕೊನೆಯ ಬಸ್ಸು ಯಾವುದು ಎಂದು ಲೆಕ್ಕ ಹಾಕಿ ಕೂಟ ಶುರು ಮಾಡುವರು. ಸ್ವಲ್ಪ ಹೆಚ್ಚುಕಡಿಮೆಯಾದರೆ ಸ್ಟ್ಯಾಂಡಿಗೆ ಫೋನು. “ಲೇ ತಮ್ಮಾ, ಚಿಕ್ಕಬಳ್ಳಾಪುರದ ಗಾಡಿ ಒಂಚೂರು ತಡಿಯಪ್ಪ, ಇನ್ನೊಂದು ಪದ್ಯ ಐತೆ.” ಡ್ರೈವರುಗಳು ಬೈದುಕೊಂಡೇ ತಡೆಯುತ್ತಿದ್ದರು. ರಿಟೈರಾದ ಮೇಲೂ ತಡೆಯುತ್ತಿದ್ದರು.

ಆ ಕಟ್ಟಳೆಯಿಂದ ಕೂಟ ನಿಂತುಕೊಂಡಿತು. ಅದೇ ಕಟ್ಟಳೆಯಿಂದ ಒಡೆಯಿತು. ಅದನ್ನು ಹೇಳುತ್ತೇನೆ.

ಕೂಟ ನಡೆಸುವುದು ಎಂದರೆ ಬೇರೆಯವರ ಸೊಸೆಯರನ್ನು ಬಾಳಿಸಿದ ಹಾಗೆ. ಮೋಹನ್‌ಬಾಬುಗೆ ಬ್ಯಾನರ್ ಬೇಕು, ಅಧ್ಯಕ್ಷರು ಬೇಕು. ಇವರು ಎರಡೂ ಬೇಡ ಎಂದರು. ಒಬ್ಬರಿಗೆ ಶಾಲು ಹೊದಿಸಲಿಲ್ಲ ಎಂದು ಕೋಪ. ಇನ್ನೊಬ್ಬರು ಬರುವರು, ಓದುವಾಗ ಫೋಟೊ ತೆಗೆಸಿಕೊಳ್ಳುವರು, ಮತ್ತೆ ಬರುವುದಿಲ್ಲ. ತನುಜಳಿಗೆ ಕುಡುಮಲಕುಂಟೆಯ ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿತು. ಭಾನುವಾರ ಶಿಫ್ಟು ಬಿದ್ದರೆ ಇಲ್ಲ. ಆಮೇಲೆ ಕೊರೊನಾ ಬಂತು. ಆಗ ಎಲ್ಲರೂ ಫೋನಿನಲ್ಲಿ ಒಂದು ಗುಂಪು ಮಾಡಿಕೊಂಡರು, ಅದರಲ್ಲೇ ಪದ್ಯ ಹಾಕುವುದು. ರೋಗ ಹೋಯಿತು, ಗುಂಪು ಉಳಿಯಿತು. ಮನೆಯಲ್ಲೇ ಕೂತು ಹಾಕಿದರೆ ಆಗುತ್ತಲ್ಲ, ಅಷ್ಟು ದೂರ ಯಾಕೆ ಬರಬೇಕು ಎಂದರು.

“ಹಾಕಿದ್ದನ್ನ ಓದ್ತಾರಾ?” ಎಂದು ಒಮ್ಮೆ ಕೇಳಿದೆ.

“ಹೆಬ್ಬೆಟ್ಟು ಒತ್ತುತಾರೆ” ಎಂದರು ಇವರು. “ಓದಿದ್ರೋ ಇಲ್ವೋ ಆ ಹೆಬ್ಬೆಟ್ಟಿಗೇ ಗೊತ್ತು.”

ಕೂಟಕ್ಕೆ ಬರುವವರು ಕೈಬೆರಳಿನಷ್ಟಾದರು. ಆಗ ಬಂದವನು ಬೀರೇಶ. ಒಬ್ಬನೇ ಬರಲಿಲ್ಲ, ಸಾದಲಿಯ ನಾಲ್ಕೈದು ಹುಡುಗರನ್ನು ಕರೆದುಕೊಂಡು ಬಂದ. ಓದಲು ಅಲ್ಲ, ಕೇಳಲು. ಇವರು ಆವತ್ತು ಮನೆಗೆ ಬಂದು ಊಟ ಸಹ ಮಾಡದೆ ಮಾತಾಡಿದರು. ಮಗ ಇಲ್ಲದ ಮನುಷ್ಯ. ಒಬ್ಬಳೇ ಮಗಳು ಪ್ರಿಯಾಂಕ, ಮದುವೆಯಾಗಿ ದೊಡ್ಡಬಳ್ಳಾಪುರದಲ್ಲಿದ್ದಾಳೆ. ಬೀರೇಶನನ್ನು ಕಂಡರೆ ಇವರ ಮುಖವೇ ಬೇರೆಯಾಗುತ್ತಿತ್ತು.

ಒಂದು ವರ್ಷ ಚೆನ್ನಾಗಿ ನಡೆಯಿತು. ಆಮೇಲೆ ಬೀರೇಶ, ಒಂದು ಸಲ ನಮ್ಮನೆಯಲ್ಲಿ ಇಡೋಣ ಎಂದ. ಆ ದಿನ ಅವನ ಮನೆಯಲ್ಲಿ ಹುಳು ಇದ್ದವು. ನಾಲ್ಕನೇ ಜ್ವರ ಎದ್ದಿದ್ದವು. ಜ್ವರ ಅಂದರೆ ಹುಳು ಪೊರೆ ಬಿಡುವುದು. ನಾಲ್ಕು ಸಲ ಬಿಟ್ಟ ಮೇಲೆ ಹಗಲೂ ಇರುಳೂ ಸೊಪ್ಪು ತಿಂದು ಗೂಡು ಕಟ್ಟುತ್ತವೆ. ಆಗ ಅವಕ್ಕೆ ಏನೂ ತಾಗಬಾರದು. ಹೊರಗಿನವರು ಹುಳುಮನೆಗೆ ಕಾಲಿಡುವಂತಿಲ್ಲ. ಓಬಳಮ್ಮ ಬೇಡ ಎಂದರಂತೆ. “ಅಂಗಳದಲ್ಲಿ ತಾನೇ ಕೂರೋದು, ಏನಾಗಲ್ಲ ಬಿಡಮ್ಮ” ಎಂದನಂತೆ ಬೀರೇಶ. ಇವರು ಬಂದವರಿಗೆಲ್ಲ ಮೊದಲೇ ಹೇಳಿದರು. ಸೆಂಟು ಹಾಕಿಕೊಂಡಿದ್ದರೆ ದೂರ ಕೂರಿ, ಊದುಬತ್ತಿ ಹಚ್ಚಬೇಡಿ, ಬೀಡಿ ಸಿಗರೇಟು ರೋಡಿನಲ್ಲಿ. ಮೇಷ್ಟ್ರು ತಡವಾಗಿ ಬಂದರು. ಈ ಮಾತು ಅವರ ಕಿವಿಗೆ ಬೀಳಲಿಲ್ಲ.

ಮೇಷ್ಟ್ರಿಗೆ ಜಾಗ ಸಿಕ್ಕಿದ್ದು ಹುಳುಮನೆಯ ಕಿಟಕಿಯ ಕೆಳಗೆ. ಕತ್ತಲಾಗುತ್ತಾ ತೋಟದ ಸೊಳ್ಳೆ ಎದ್ದವು. ಮೇಷ್ಟ್ರ ಚೀಲದಲ್ಲಿ ಯಾವಾಗಲೂ ಒಂದು ಸೊಳ್ಳೆ ಬತ್ತಿ ಇರುತ್ತಿತ್ತು. ತೆಗೆದು ಹಚ್ಚಿ ಬೆನ್ನ ಹಿಂದೆ ಇಟ್ಟುಕೊಂಡರು. ಹೊಗೆ ಕೋಲಿನ ಹಾಗೆ ಎದ್ದು ಕಿಟಕಿಯ ಜಾಲರಿಯೊಳಕ್ಕೆ ಹೋಗುತ್ತಿತ್ತು.

ಆಗ ಓದುತ್ತಿದ್ದವನು ಬೀರೇಶ. ಅವನ ಬೆನ್ನು ಹುಳುಮನೆಯ ಕಡೆಗೆ. ಹುಳುವಿನ ಮೇಲೇ ಬರೆದ ಉದ್ದನೆಯ ಪದ್ಯ, ತಿಂಗಳುಗಟ್ಟಲೆ ಬರೆದದ್ದು. ಅಷ್ಟು ಜನದ ಮುಂದೆ ಅಷ್ಟು ಉದ್ದದ್ದು ಅವನು ಯಾವತ್ತೂ ಓದಿರಲಿಲ್ಲ. ಓಬಳಮ್ಮನೂ ನಾನೂ ಒಳಗೆ ಮುದ್ದೆ ತಿರುವುತ್ತಿದ್ದೆವು. ಅಂಗಳದಲ್ಲಿ ಕೂತವರಲ್ಲಿ ಆ ಹೊಗೆ ಅಂದರೆ ಏನು ಎಂದು ಗೊತ್ತಿದ್ದು, ಬತ್ತಿಯನ್ನೂ ನೋಡಿದವರು ನಮ್ಮನೆಯವರು ಒಬ್ಬರೇ. ಅವರು ಏಳಲಿಲ್ಲ. ಕಟ್ಟಳೆ ಮಾಡಿದವರೇ ಅವರು. ಹುಡುಗ ಓದುತ್ತಿದ್ದಾನೆ, ಮುಗಿಯಲಿ, ಇನ್ನೇನು ಮುಗಿಯುತ್ತದೆ, ಆಮೇಲೆ ಆರಿಸೋಣ ಎಂದು ಕೂತರು.

ವಾಸನೆ ಒಳಗೆ ಬಂದಾಗ ಓಬಳಮ್ಮ ಮುದ್ದೆ ಕೋಲು ಬಿಟ್ಟು ಓಡಿದರು. “ಯಾವನೋ ಅವನು ಹೊಗೆ ಹಾಕಿದೋನು!” ಎಂದು ಕೂಗಿದ್ದು ಇನ್ನೂ ಕಿವಿಯಲ್ಲಿದೆ. ದೀಪ ಹಿಡಿದು ಒಳಗೆ ಹೋದರೆ ತಟ್ಟೆಯ ಹುಳುಗಳು ತಲೆ ಎತ್ತಿ ಆಕಡೆ ಈಕಡೆ ಅಲ್ಲಾಡಿಸುತ್ತಿದ್ದವು. ಬಾಯಲ್ಲಿ ಹಸಿರು ನೀರು. ಕೆಲವು ಸುರುಟಿಕೊಂಡು ನೆಲಕ್ಕೆ ಬೀಳುತ್ತಿದ್ದವು. ಬೆಳಗಾಗುವಷ್ಟರಲ್ಲಿ ಆ ಬೆಳೆ ಇರಲಿಲ್ಲ.

ಇವರು ಅಲ್ಲೇ ಎಲ್ಲರ ಮುಂದೆ ಹೇಳಿದರು. “ನಾನು ನೋಡ್ದೆ ಕಣಪ್ಪಾ ಬೀರೇಶ. ನೀನು ಓದ್ತಿದ್ದೆ ಅಂತ ಏಳ್ಲಿಲ್ಲ. ತಪ್ಪು ನಂದು.”

ಬೀರೇಶ ಇವರನ್ನು ಬೈಯಲಿಲ್ಲ. ತಲೆ ಬಗ್ಗಿಸಿಕೊಂಡು ನಿಂತಿದ್ದ. ಮೇಷ್ಟ್ರು ಸುಮ್ಮನಿದ್ದರೆ ಆಗುತ್ತಿತ್ತು. ಗಾಬರಿಯಾಗಿತ್ತು ಅವರಿಗೂ.

“ಒಂದು ಬತ್ತಿ ಹೊಗೆಗೆ ಹುಳ ಸಾಯುತ್ವೇನ್ರೀ? ಮೊದಲೇ ಏನೋ ರೋಗ ಇತ್ತು ಅನ್ಸುತ್ತೆ” ಎಂದರು.

ಓಬಳಮ್ಮ ಮಡಿಲು ತುಂಬ ಸತ್ತ ಹುಳು ತಂದು ಅವರ ಕಾಲ ಮುಂದೆ ಸುರಿದರು. “ನೋಡಪ್ಪಾ, ಓದಿರೋನು ನೀನು. ಯಾವ ರೋಗ ಹೇಳು.”

ಯಾರೂ ಊಟ ಮಾಡಲಿಲ್ಲ. ಬೀರೇಶ ಮತ್ತೆ ಕೂಟಕ್ಕೆ ಬರಲಿಲ್ಲ. ಅವನ ಜೊತೆಯ ಹುಡುಗರೂ ಬರಲಿಲ್ಲ.

ಆಮೇಲೆ ಮೂರು ವರ್ಷ ಇವರು ಇಬ್ಬರ ಮಧ್ಯೆ ಓಡಾಡಿದರು. ಚಿಕ್ಕಬಳ್ಳಾಪುರಕ್ಕೆ ಹೋದರೆ ಮೇಷ್ಟ್ರು ಬೇರೆ ಮಾತಾಡುವರು. ಸಾದಲಿಗೆ ಹೋದರೆ ಬೀರೇಶ ತೋಟಕ್ಕೆ ಹೋಗಿರುವನು. ಕೂಟ ನಡೆಯುತ್ತಿತ್ತು, ಹೆಸರಿಗೆ. ಇವರು, ಮೇಷ್ಟ್ರು, ಮೋಹನ್‌ಬಾಬು, ಬಂದರೆ ತನುಜ. ಅಷ್ಟು ಓಡಾಡಿದ ಮೇಲೆ ಸಿಕ್ಕಿದ್ದು ಆ ಅವರೆಕಾಯಿ. ಮಾರನೆಯ ದಿನ ಇವರೇ ಇಲ್ಲ.

ಆ ತಿಂಗಳ ಕೂಟ ನಡೆಯಲಿಲ್ಲ. ತಿಥಿ ಮುಗಿದ ಮೇಲೆ, ಮುಂದಿನ ತಿಂಗಳ ಮೊದಲ ಭಾನುವಾರ ನಮ್ಮೂರ ಸಮುದಾಯ ಭವನದಲ್ಲಿ ಇವರ ನೆನಪಿಗೆ ಸೇರಿದರು. ಮೋಹನ್‌ಬಾಬು ಬ್ಯಾನರ್ ಮಾಡಿಸಿದ್ದರು. ಕೊನೆಗೂ. ಇವರ ಫೋಟೊ, ಸುತ್ತ ಹೂವು, ಕೆಳಗೆ ಪಾತ್ರೆ ಅಂಗಡಿಯ ಹೆಸರು.

ಕುರ್ಚಿ ಸಾಲಲಿಲ್ಲ. ಎಷ್ಟೋ ವರ್ಷದಿಂದ ಮುಖ ತೋರಿಸದವರು ಬಂದಿದ್ದರು. ಶಾಲಿಗೆ ಕೋಪ ಮಾಡಿಕೊಂಡವರು, ಫೋಟೊ ತೆಗೆಸಿಕೊಂಡು ಹೋದವರು, ಎಲ್ಲ. ಒಬ್ಬ ಹೆಂಗಸು ನನ್ನ ಕೈ ಹಿಡಿದು, “ಇಷ್ಟು ಜನ ಒಂದ್ ಭಾನುವಾರ ಬಂದಿದ್ರೆ ಅಣ್ಣ ಇನ್ನೂ ಹತ್ತು ವರ್ಷ ಇರೋರು ಅಕ್ಕ” ಎಂದಳು. ಎದೆ ಹಾಗೆ ಕೆಲಸ ಮಾಡುವುದಿಲ್ಲ. ಆದರೂ ಒಂದು ಭಾನುವಾರ ಬರಬಹುದಿತ್ತು.

ಬೀರೇಶನೂ ಬಂದ. ಹಿಂದಿನ ಸಾಲಿನಲ್ಲಿ ಕೂತ. ನಾನು ಮೇಷ್ಟ್ರನ್ನೇ ನೋಡುತ್ತಿದ್ದೆ. ಅವರು ಬೀರೇಶನನ್ನು ನೋಡಿದರು, ಬೇರೆ ಕಡೆ ನೋಡಿದರು.

ಮೊದಲು ಮೇಷ್ಟ್ರೇ ಓದಿದರು. ಇವರ ಮೇಲೆ ಬರೆದ ಪದ್ಯ, ಉದ್ದವಾಗಿತ್ತು. ಮಧ್ಯೆ ಅತ್ತರು. ನಾಟಕದ ಅಳು ಅಲ್ಲ. ಇವರ ಹೆಣದ ಮುಂದೆ ಮೇಷ್ಟ್ರು ಅತ್ತಷ್ಟು ನಮ್ಮ ನೆಂಟರು ಅತ್ತಿರಲಿಲ್ಲ. ಓದಿ ಮುಗಿಸಿ ಕೂತರು. ಆ ಒಂದು ಮಾತು ಬರಲಿಲ್ಲ. ಇನ್ನೂ ಹೊತ್ತಿದೆ, ಬೀರೇಶ ಓದಿದ ಮೇಲೆ ಎದ್ದು ಹೇಳುತ್ತಾರೆ ಎಂದುಕೊಂಡೆ. ಬೀರೇಶನ ಹೆಸರು ಕೊನೆಯಲ್ಲಿತ್ತು.

ಒಬ್ಬರಾದ ಮೇಲೆ ಒಬ್ಬರು ಓದಿದರು. ಬಿಸಿಲು ಇಳಿಯಿತು. ಮೇಷ್ಟ್ರು ವಾಚು ನೋಡಿಕೊಂಡರು. ಚೀಲ ಹೆಗಲಿಗೆ ಹಾಕಿಕೊಂಡರು. ಎದ್ದರು.

ಸಭೆಯಲ್ಲಿ ನಾನು ಯಾವತ್ತೂ ಮಾತಾಡಿದವಳಲ್ಲ. ಗಂಡ ಸತ್ತು ತಿಂಗಳಾಗಿತ್ತು ಅಷ್ಟೇ. ಗೋಡೆಗೆ ಒರಗಿ ಕೂತಿದ್ದೆ. ಅಲ್ಲಿಂದಲೇ ಹೇಳಿದೆ.

“ಮೇಷ್ಟ್ರೇ, ಕೂತ್ಕೊಳ್ಳಿ. ಬೀರೇಶ ಇನ್ನೂ ಓದಿಲ್ಲ.”

“ಬಸ್ಸು ಕಣಮ್ಮಾ. ಇದು ಹೋದ್ರೆ ಮತ್ತೆ ಕಷ್ಟ. ನನಗೂ ವಯಸ್ಸಾಯ್ತು.”

“ಕೂತ್ಕೊಳ್ಳಿ.”

“ಪಾಪಯ್ಯ ಇದ್ದಿದ್ರೆ ಬಸ್ಸು ನಿಲ್ಲಿಸ್ತಿದ್ರು. ಈಗ ಯಾರು ನಿಲ್ಲಿಸ್ತಾರೆ ತಾಯಿ?” ಎಂದು ಕೈ ಮುಗಿದು ಹೊರಟರು.

ಅವರು ಎದ್ದ ಮೇಲೆ ಮೋಹನ್‌ಬಾಬು ಎದ್ದರು. ಅವರ ಹಿಂದೆ ಚಿಂತಾಮಣಿಯವರೆಲ್ಲ. ಕುರ್ಚಿ ಎಳೆಯುವ ಸದ್ದು ಬಾಗಿಲವರೆಗೂ ಹೋಯಿತು. ಬೀರೇಶ ಹಾಳೆ ಮಡಿಸಿ ಜೇಬಿಗಿಟ್ಟುಕೊಂಡ. ಕುರ್ಚಿಗಳನ್ನು ಒಂದರ ಮೇಲೊಂದು ಜೋಡಿಸಿದ. ಹೋಗುವಾಗ ಬಾಗಿಲಲ್ಲಿ ನಿಂತ.

“ಅಣ್ಣನಿಗೆ ಮಾತು ಕೊಟ್ಟಿದ್ದೆ ಲಕ್ಷ್ಮಕ್ಕ. ಮುಂದಿನ ತಿಂಗ್ಳು ನಮ್ಮನೇಲಿ ಅಂತ. ನನ್ನ ಕಡೆಯಿಂದ ಆ ಮಾತು ಹಂಗೇ ಐತೆ. ಹುಳ ಇಲ್ಲ ಈಗ. ಮನೆ ಖಾಲಿ.”

ಆ ಮಾತು ಕೇಳಿ ನಾನೇ ಹೊರಟೆ. ಬಾಗಿಲಿಗೆ ಹೋಗಿ ಕರೆಯಬೇಕು ಎಂದಿದ್ದರಲ್ಲ ಇವರು. ಚಿಂತಾಮಣಿಗೆ ಹೋದೆ. ಮೋಹನ್‌ಬಾಬು ಟೀ ತರಿಸಿ, “ರಾಮ್ಮಾ, ಬಾ, ಕೂತ್ಕೊ” ಎಂದರು. ತಾವು ಚಿಂತಾಮಣಿಯಲ್ಲೇ ಒಂದು ವೇದಿಕೆ ಮಾಡುತ್ತಿದ್ದೇವೆ, ಅದಕ್ಕೆ ಪಾಪಣ್ಣನ ಹೆಸರಿಡೋಣ ಎಂದಿದ್ದೇವೆ ಎಂದರು. ಹೆಸರು ಬೇಡ, ಭಾನುವಾರ ಸಾದಲಿಗೆ ಬನ್ನಿ ಎಂದೆ. ಹ್ಞೂಂ ಎಂದರು. ಅವರು ಎಲ್ಲದಕ್ಕೂ ಹ್ಞೂಂ ಎನ್ನುವವರು.

ಚಿಕ್ಕಬಳ್ಳಾಪುರಕ್ಕೆ ಹೋದೆ. ಮೇಷ್ಟ್ರ ಹೆಂಡತಿ ಸಾವಿತ್ರಮ್ಮ ಕಾಫಿ ಕೊಟ್ಟರು. ಮೇಷ್ಟ್ರು ಎದುರಿಗೆ ಕೂತರು. ನಾನು ಸುತ್ತಿ ಬಳಸಿ ಮಾತಾಡುವವಳಲ್ಲ.

“ಒಂದ್ ಮಾತು ಅಂದ್ಬಿಡಿ ಮೇಷ್ಟ್ರೇ. ಹುಡುಗ ಅಷ್ಟೇ ಕೇಳಿರೋದು.”

“ಅಮ್ಮಾ, ಬೇಕು ಅಂತ ಮಾಡಿದ್ನಾ ನಾನು?”

“ಬೇಕು ಅಂತ ಮಾಡಿದ್ರೆ ತಪ್ಪಾಯ್ತು ಅಂತ ಯಾರೂ ಕೇಳ್ತಿರ್ಲಿಲ್ಲ. ಪೊಲೀಸ್‌ಗೆ ಹೇಳ್ತಿದ್ರು.”

ಸಾವಿತ್ರಮ್ಮ ಲೋಟ ತೆಗೆದುಕೊಳ್ಳುತ್ತಾ ಅಂದರು. “ಜೀವಮಾನ ಎಲ್ಲಾ ಮಕ್ಕಳ ತಪ್ಪು ತಿದ್ದಿದ್ರು. ತಿದ್ದೋಕೆ ಬರುತ್ತೆ ಇವರಿಗೆ, ಒಪ್ಪೋಕೆ ಬರಲ್ಲ.”

“ನೀನು ಒಳಗೆ ಹೋಗು” ಎಂದರು ಮೇಷ್ಟ್ರು. ನನ್ನ ಕಡೆ ತಿರುಗಿ, “ನೋಡೋಣ” ಎಂದರು.

ಆ ಭಾನುವಾರ ನಾನು ಮಧ್ಯಾಹ್ನದ ಬಸ್ಸಿಗೇ ಸಾದಲಿಗೆ ಹೋದೆ. ಓಬಳಮ್ಮ ಅಂಗಳ ಸಾರಿಸಿ ಚಾಪೆ ಹಾಸಿದ್ದರು. ಬೇಕಾದ್ದಕ್ಕಿಂತ ಹೆಚ್ಚು ಚಾಪೆ. ಪಕ್ಕದ ಮನೆಯಿಂದಲೂ ತಂದಿದ್ದರು. ಪುಳಿಯೋಗರೆ ಕಲಸಿದ್ದರು. ಬೀರೇಶ ಒಂದೊಂದು ಬಸ್ಸು ಬಂದಾಗಲೂ ಬೀದಿಯ ತುದಿಗೆ ಹೋಗಿ ನಿಂತು ಬರುತ್ತಿದ್ದ.

ತನುಜ ಬಂದಳು. ರಾತ್ರಿ ಪಾಳಿ ಮುಗಿಸಿ, ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಾಯಿಸಿ, ಅಲ್ಲಿಂದ ಬಂದಿದ್ದಳು. ಕೂತಲ್ಲೇ ಕಂಬಕ್ಕೆ ಒರಗಿ ನಿದ್ದೆ ಹೋದಳು. ಬೇರೆ ಯಾರೂ ಬರಲಿಲ್ಲ. ಬೀರೇಶನ ಜೊತೆಯ ಹುಡುಗರು ಬೀದಿಯಲ್ಲಿ ಒಮ್ಮೆ ಬಂದು ನೋಡಿ, ಮೇಷ್ಟ್ರು ಬಂದಿಲ್ಲ ಎಂದು ಗೊತ್ತಾಗಿ ಹೋದರು.

“ಫೋನ್ ಮಾಡಣಾ?” ಎಂದ ಬೀರೇಶ.

“ಬೇಡ ಬಿಡಪ್ಪ. ಬಾಗ್ಲಿಗೆ ಹೋಗಿ ಕರೆದು ಬಂದಿದ್ದೀನಿ. ನೀನು ಓದು.”

“ಯಾರಿಗೆ ಓದ್ಲಿ ಅಕ್ಕ? ಅಣ್ಣ ಇಲ್ಲ.”

“ನಾನಿಲ್ವಾ? ನಿಮ್ಮಮ್ಮ ಇಲ್ವಾ? ಅವಳು ನಿದ್ದೇಲೇ ಕೇಳ್ತಾಳೆ. ಓದು.”

ಜೇಬಿನಿಂದ ಹಾಳೆ ತೆಗೆದ. ನೆನಪಿನ ಸಭೆಗೆ ತಂದಿದ್ದ ಹಾಳೆಯೇ ಇರಬೇಕು, ಮಡಿಕೆಯಲ್ಲಿ ಹರಿದಿತ್ತು. ಓದಿದ. ಇವರ ಮೇಲೆ ಬರೆದದ್ದಲ್ಲ. ಆವತ್ತು ಅರ್ಧಕ್ಕೆ ನಿಂತಿತ್ತಲ್ಲ, ಹುಳುವಿನ ಪದ್ಯ, ಅದರ ಉಳಿದ ಭಾಗ. ನನಗೆ ಎಲ್ಲ ಅರ್ಥವಾಗಲಿಲ್ಲ. ಓಬಳಮ್ಮನಿಗೆ ಆಯಿತು ಅನ್ನಿಸುತ್ತದೆ, ಸೆರಗು ಬಾಯಿಗೆ ಒತ್ತಿಕೊಂಡಿದ್ದರು. ಓದುತ್ತಿರುವಾಗ ಶಿಡ್ಲಘಟ್ಟದ ಕೊನೆಯ ಬಸ್ಸು ಬಂತು. ಹಾರ್ನ್ ಹೊಡೆದು ನಿಂತಿತು. ಬೀರೇಶ ತಲೆ ಎತ್ತಿ ನನ್ನನ್ನು ನೋಡಿದ. ಓದು ಎಂದು ಕೈ ಸನ್ನೆ ಮಾಡಿದೆ. ಬಸ್ಸು ಹೋಯಿತು. ಆ ರಾತ್ರಿ ತನುಜ, ನಾನು ಅಲ್ಲೇ ಉಳಿದೆವು.

ಬೆಳಿಗ್ಗೆ ಬಸ್ಸು ಹತ್ತಿಸಲು ಬಂದ ಬೀರೇಶ, “ಸಾಕು ಅಕ್ಕ. ಇನ್ನು ಯಾರನ್ನೂ ಕರೀಬೇಡಿ. ಹೋಗಿ ಹೋಗಿ ಕೈ ಮುಗಿಯೋದು ನಂಗೆ ನೋಡಕ್ಕಾಗಲ್ಲ” ಎಂದ. ಅವನು ಹೇಳಿದ್ದು ಸರಿ. ಇವರು ಇದ್ದಿದ್ದರೆ ಸರಿ ಎಂದು ಒಪ್ಪುತ್ತಿರಲಿಲ್ಲ, ಮತ್ತೆ ಹೊರಡುತ್ತಿದ್ದರು. ನನಗೆ ಅಷ್ಟು ಕಾಲಿಲ್ಲ.

ಆಮೇಲೆ ಕೂಟ ಸೇರಲಿಲ್ಲ. ಚಿಂತಾಮಣಿಯ ವೇದಿಕೆ ಒಂದು ಸಲ ಸೇರಿತಂತೆ. ಮೇಷ್ಟ್ರು ಬಸ್ ಸ್ಟ್ಯಾಂಡಿನಲ್ಲಿ ಒಂದು ದಿನ ಸಿಕ್ಕರು. ಕಂಡರೂ ಕಾಣದ ಹಾಗೆ ಹೋಗುವವರಿದ್ದರು, ನಿಂತರು. “ಬರ್ಬೇಕಿತ್ತು ಅಮ್ಮ ನಾನು ಸಾದಲಿಗೆ” ಎಂದರು. ಅಲ್ಲಿ ಬೀರೇಶ ಇರಲಿಲ್ಲ. ನನ್ನ ಹತ್ತಿರ ಹೇಳಿ ಏನು ಬಂತು.

ಇವರ ಫೋನು ನನ್ನ ಹತ್ತಿರ ಇದೆ. ಆ ಗುಂಪು ಅದರಲ್ಲಿ ಇನ್ನೂ ಇದೆ. ಪದ್ಯ ಯಾರೂ ಹಾಕುವುದಿಲ್ಲ. ಬೆಳಗಾದರೆ ಶುಭೋದಯದ ಚಿತ್ರಗಳು ಬಂದು ಬೀಳುತ್ತವೆ. ಗುಲಾಬಿ, ಸೂರ್ಯ, ದೀಪ, ಗಣಪತಿ. ಮೇಷ್ಟ್ರು ಒಂದು ದಿನವೂ ತಪ್ಪಿಸುವುದಿಲ್ಲ. ಮೋಹನ್‌ಬಾಬು ಎರಡು ಹಾಕುತ್ತಾರೆ. ಬೀರೇಶ ಏನೂ ಹಾಕುವುದಿಲ್ಲ, ಆದರೆ ಗುಂಪು ಬಿಟ್ಟೂ ಹೋಗಿಲ್ಲ. ಚಿತ್ರ ತುಂಬಿ ತುಂಬಿ ಫೋನು ನಿಂತುಬಿಡುತ್ತದೆ. ಪ್ರಿಯಾಂಕ ಬಂದಾಗ, “ಆ ಗ್ರೂಪಿಂದ ಆಚೆ ಬಂದ್ಬಿಡಮ್ಮ, ಏನಿದೆ ಅದ್ರಲ್ಲಿ” ಎಂದಳು. ಬೇಡ, ಅಳಿಸುವುದು ಹೇಗೆ ಅಷ್ಟು ಹೇಳಿಕೊಡು ಎಂದೆ. ಈ ತಿಂಗಳು ಯಾರ ಮನೆಯಲ್ಲಿ ಎಂದು ಯಾರಾದರೂ ಕೇಳಿದರೆ ಆ ಮಾತು ಬಂದು ಬೀಳುವುದಕ್ಕೆ ಜಾಗ ಇರಬೇಕಲ್ಲ.

ಬೆಳಿಗ್ಗೆ ಹಾಲು ಒಲೆಯ ಮೇಲಿಟ್ಟು ಫೋನು ತೆಗೆದುಕೊಂಡು ಅಡುಗೆಮನೆಯ ಹೊಸ್ತಿಲ ಮೇಲೆ ಕೂರುತ್ತೇನೆ. ಮೊದಲು ಮಾತು ಏನಾದರೂ ಇದೆಯೇ ನೋಡುತ್ತೇನೆ. ಆಮೇಲೆ ಗುಲಾಬಿ ಅಳಿಸುತ್ತೇನೆ, ಸೂರ್ಯ ಅಳಿಸುತ್ತೇನೆ, ದೀಪ ಅಳಿಸುತ್ತೇನೆ. ಗಣಪತಿ ಅಳಿಸುವಾಗ ಮಾತ್ರ ಕೈ ಸ್ವಲ್ಪ ತಡೆಯುತ್ತದೆ. ಹಾಲು ಉಕ್ಕುವಷ್ಟರಲ್ಲಿ ಮುಗಿಯುತ್ತದೆ.